ಕಾಲು ಕೆಜಿ ಬೇಳೆ ಲೆಕ್ಕ – ಹಳ್ಳಿ ಅಂಗಡಿಯೋಳ ಅನುಭವ

ನಂದು ಶಿವಮೊಗ್ಗ ಜಿಲ್ಲೆಯ ರಿಪ್ಪನ್‌ಪೇಟೆಯಿಂದ ಒಳಗೆ ಹೋಗೋ ರೋಡಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ. ಸಣ್ಣದು ಅಂದ್ರೆ ಮನೆ ಜಗುಲೀನೇ ಅಂಗಡಿ, ಮೇಲೆ ತಗಡು, ಮಳೆ ಬಂದ್ರೆ ಗಿರಾಕಿ ಹೇಳಿದ್ದು ನಂಗೆ ಕೇಳಲ್ಲ. ಮಾವನವರು ಶುರು ಮಾಡಿದ್ದು, ಅವರಿಗೆ ಕೈ ನಡುಗಕ್ಕೆ ಹಿಡಿದ ಮೇಲೆ ತಕ್ಕಡಿ ನನ್ನ ಕೈಗೆ ಬಂತು. ಹನ್ನೊಂದು ವರ್ಷ ಆಯ್ತು. ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆದ್ರೆ ಮೊದಲು ಕೇಳೋ ಮಾತು "ಅಕ್ಕ, ಹತ್ರೂಪಾಯಿ ಬೇಳೆ ಕೊಡು, ಐದ್ರೂಪಾಯಿ ಸಕ್ಕರೆ, ಒಂದು ಚಾಪುಡಿ ಪ್ಯಾಕೆಟ್ಟು". ರಾತ್ರಿ ಎಂಟಕ್ಕೂ ಅದೇ. ಅದರಲ್ಲೇನು ವಿಶೇಷ ಇದೆ ಅಂತ ನಂಗೆ ಯಾವತ್ತೂ ಅನ್ಸಿರ್ಲಿಲ್ಲ, ಮಗಳ ಹೋಂವರ್ಕ್ ಅಡ್ಡ ಬರೋ ತನಕ.

ಅವಳು ಆಗ ಏಳನೇ ಕ್ಲಾಸು. ಗಲ್ಲಾ ಪೆಟ್ಟಿಗೆ ಪಕ್ಕ ಕೂತ್ಕೊಂಡು ಲೆಕ್ಕ ಮಾಡ್ತಿದ್ಲು, ಒಂದು ಕೆಜಿಗೆ ಇಷ್ಟಾದ್ರೆ ಕಾಲು ಕೆಜಿಗೆ ಎಷ್ಟು, ಆ ಥರದ್ದು. ನಮ್ಮ ಅಂಗಡಿ ಬೇಳೆ ರೇಟನ್ನೇ ಹಾಕಿ ಮಾಡು ನೋಡಣ ಅಂದೆ. ಕೆಜಿಗೆ 140 ಇತ್ತು. ಅವಳು 35 ಅಂತ ಬರೆದ್ಲು. ಅಷ್ಟೊತ್ತಿಗೆ ಒಬ್ಬರು ಬಂದು ಕಾಲು ಕೆಜಿ ಬೇಳೆ ತಗೊಂಡ್ರು, ನಾನು 40 ರೂಪಾಯಿ ಇಸ್ಕೊಂಡೆ. ಅವರು ಹೋದ ಮೇಲೆ ಇವಳು "ಅಮ್ಮ, ನಮ್ಮಂಗಡೀಲಿ ಉತ್ತರ ಬೇರೆ ಬರತ್ತಲ್ಲ" ಅಂದ್ಲು. ನಾನು ಎಂತದೋ ಹೇಳಿದೆ, ಕವರ್ ಖರ್ಚು, ತೂಕ ಮಾಡೋವಾಗ ಚೆಲ್ಲೋದು, ಅದು ಇದು. ಅವಳು ಸುಮ್ನಾದ್ಲು, ನಂಗೆ ಆಗ್ಲಿಲ್ಲ.

ರಾತ್ರಿ ಕೂತು ಹತ್ರೂಪಾಯಿ ಬೇಳೇನ ತಕ್ಕಡಿಗೆ ಹಾಕಿ ನೋಡಿದೆ. ಅದನ್ನ ನಾವು ತೂಗೋದೇ ಇಲ್ಲ, ಸಣ್ಣ ಲೋಟದಲ್ಲಿ ಅಳೆದು ಪೇಪರ್ ಪೊಟ್ಟಣ ಕಟ್ಟೋದು, ಲೋಟ ಮಾವನವರ ಕಾಲದ್ದು. 50 ಗ್ರಾಂ ಬಂತು. ಅಂದ್ರೆ ಕೆಜಿಗೆ 200! ಒಂದೇ ಚೀಲದ ಬೇಳೆ, ಕೆಜಿ ತಗೊಂಡೋರಿಗೆ 140, ಕಾಲು ಕೆಜಿ ತಗೊಂಡೋರಿಗೆ 160, ಹತ್ರೂಪಾಯಿಗೆ ತಗೊಂಡೋರಿಗೆ 200. ದಿನಾ ಹತ್ರೂಪಾಯಿ ಬೇಳೆ ತಗೊಳೋ ಮನೆ ತಿಂಗಳಿಗೆ 300 ರೂಪಾಯಿ ಕೊಟ್ಟು ಒಂದೂವರೆ ಕೆಜಿ ತಿಂತಾರೆ, ಅದೇ ಒಂದೂವರೆ ಕೆಜಿ ಒಟ್ಟಿಗೆ ತಗೊಂಡಿದ್ರೆ 210. ಬೇಳೆ ಒಂದರಲ್ಲೇ 90 ರೂಪಾಯಿ. ಎಣ್ಣೆ, ಸಕ್ಕರೆ, ಚಾಪುಡಿ, ಮೆಣಸಿನಪುಡಿ ಎಲ್ಲಾ ಸೇರಿಸಿ ಕೂಲಿಯೋರ ಕಾಲೋನಿ ಕಡೆಯ ಒಂದು ಮನೆ ಲೆಕ್ಕ ಹಾಕಿದೆ, ತಿಂಗಳಿಗೆ ಹೆಚ್ಚು ಕಮ್ಮಿ 400 ಜಾಸ್ತಿ ಕೊಡ್ತಿದ್ರು. ನಮ್ಮ ಕಡೆ ಹೆಂಗಸ್ರ ಒಂದು ದಿನದ ಕೂಲಿ ಅದು. ತಿಂಗಳಲ್ಲಿ ಒಂದು ದಿನ ಅವರು ಬರೀ ನನ್ನ ಲೋಟಕ್ಕೋಸ್ಕರ ಕೆಲಸ ಮಾಡ್ತಿದ್ರು.

ಈಗ ಇನ್ನೊಂದು ಕಡೆ ನೋಡಿ. ತೋಟದ ಮನೆಯವರು, ದೊಡ್ಡ ಹಿಡುವಳಿಯವರು, ಅವರು ಅಕ್ಕಿ ಚೀಲದಲ್ಲಿ, ಸಕ್ಕರೆ ಹತ್ತು ಕೆಜಿ, ಎಣ್ಣೆ ಡಬ್ಬ. ರೇಟು ಬೇರೆ ಕೇಳ್ತಾರೆ, "ಶಿವಮೊಗ್ಗ ಗಾಂಧಿ ಬಜಾರಲ್ಲಿ ಎಷ್ಟಿದೆ ಗೊತ್ತಾ" ಅಂತಾರೆ, ಕೆಜಿಗೆ ನಾಲ್ಕೈದು ರೂಪಾಯಿ ಇಳಿಸ್ಲೇಬೇಕು, ಇಲ್ಲಾಂದ್ರೆ ಕಾರಲ್ಲಿ ಹೋಗಿ ತಂದ್ಬಿಡ್ತಾರೆ. ದುಡ್ಡು ಯಾವಾಗ? ಅಡಿಕೆ ಮಾರಿದ ಮೇಲೆ. ಅಡಿಕೆ ಯಾವಾಗ ಮಾರ್ತಾರೆ? ಮಾಮ್ಕೋಸಲ್ಲಿ (ಅಡಿಕೆ ಬೆಳೆಗಾರರ ಸಹಕಾರ ಸಂಘ) ರಾಶಿ ಅಡಿಕೆ ರೇಟು ಇನ್ನೊಂಚೂರು ಏರ್ಲಿ ಅಂತ ಕಾಯ್ತಾರೆ, ಬೆಟ್ಟೆ ಅಡಿಕೆ ಬೇರೆ ಇಟ್ಟಿರ್ತಾರೆ, ಆರು ತಿಂಗಳಾಗ್ಲಿ ಎಂಟು ತಿಂಗಳಾಗ್ಲಿ ನಾನು ಕೇಳೋ ಹಾಗಿಲ್ಲ, ಕೇಳಿದ್ರೆ "ನಾವೇನು ಓಡಿ ಹೋಗ್ತೀವಾ". ಕಾಲೋನಿಯೋರು ಶನಿವಾರ ಬಟವಾಡೆ ಆದ ಕೂಡ್ಲೇ ಮನೆಗೂ ಹೋಗದೆ ಮೊದಲು ನನ್ನ ಹತ್ರ ಬಂದು ವಾರದ್ದು ಚುಕ್ತಾ ಮಾಡ್ತಾರೆ. ಆದ್ರೂ ಊರಲ್ಲಿ ದೊಡ್ಡಮನೆಯವರದ್ದಕ್ಕೆ "ಖಾತೆ ಇದೆ" ಅಂತಾರೆ, ಇವರದ್ದಕ್ಕೆ "ಕಡ ಮಾಡಿದಾರೆ" ಅಂತಾರೆ. ಖಾತೆಯವರಿಗೆ ರೇಟು ಕಮ್ಮಿ, ಕಡದೋರಿಗೆ ಜಾಸ್ತಿ.

ಮಾವನವರ ಹಳೇ ಪುಸ್ತಕ ತೆಗೆದು ನೋಡಿದ್ರೆ ಅವರ ಕಾಲದಲ್ಲಿ ಇದು ಇನ್ನೂ ಸ್ಪಷ್ಟ, ನಗದು ರೇಟು ಒಂದು, ಕಡದ ರೇಟು ಒಂದು, ಎರಡು ಕಾಲಂ. ಮಜಾ ಎಂತ ಅಂದ್ರೆ ಇದೇ ಮಾವನವರು ನಂಗೆ ಮದುವೆಯಾಗಿ ಬಂದ ಹೊಸತರಲ್ಲಿ ಕಾಗೋಡು ಸತ್ಯಾಗ್ರಹದ ಕಥೆ ಹೇಳ್ತಿದ್ದೋರು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಲ್ಲಿ ಗೇಣಿ ರೈತರು ಎದ್ದು ನಿಂತಿದ್ದು, ಗಣಪತಿಯಪ್ಪನವರು ಮುಂದೆ ನಿಂತು ನಡೆಸಿದ್ದು, ಸಮಾಜವಾದಿ ನಾಯಕರು ಲೋಹಿಯಾ ಅವರು ಅಲ್ಲಿ ತನಕ ಬಂದು ಅರೆಸ್ಟ್ ಆಗಿದ್ದು. ಆ ಗಲಾಟೆ ಹತ್ತಿಕೊಂಡಿದ್ದೇ ಗೇಣಿ ಭತ್ತ ಅಳೆಯೋ ಕೊಳಗದ ವಿಷಯಕ್ಕೆ, ಒಡೆಯರು ಅಳಿಸಿಕೊಳ್ಳೋ ಕೊಳಗ ದೊಡ್ಡದು ಅನ್ನೋದು ರೈತರ ತಕರಾರು. ಮಾವನವರ ಅಪ್ಪನೂ ಗೇಣಿ ಮಾಡ್ತಿದ್ದೋರೇ, ಅದಕ್ಕೇ ಕೊಳಗದ ಮಾತು ಬಂದ್ರೆ ಮಾವನವರ ದನಿ ಏರ್ತಿತ್ತು. ಅದೇ ದನಿಯಲ್ಲಿ ಅಂಗಡಿಗೆ ಬಂದೋರಿಗೆ "ಕಡಕ್ಕಾದ್ರೆ ಎರಡ್ರೂಪಾಯಿ ಜಾಸ್ತಿ" ಅಂತಿದ್ರು. ಅವರನ್ನ ಆಡಿಕೊಳ್ಳಕ್ಕೆ ಹೇಳ್ತಿಲ್ಲ, ಕಡ ಕೊಟ್ಟ ದುಡ್ಡು ಮುಳುಗತ್ತೆ, ಮುಳುಗಿದ್ದನ್ನ ಯಾರೋ ತುಂಬಬೇಕು, ಅವರ ಲೆಕ್ಕ ಅದು. ಆದ್ರೆ ಮುಳುಗಿಸಿದ್ದು ಯಾರು ಅಂತ ನಾನು ಹಿಂದಿನ ಆರು ವರ್ಷದ ಪುಸ್ತಕ ತೆಗೆದು ಕೂತು ನೋಡಿದೀನಿ. ಸಣ್ಣ ಕಡದಲ್ಲಿ ಬರದೇ ಹೋಗಿದ್ದು ಒಟ್ಟು 3,200 ರೂಪಾಯಿ, ಅದರಲ್ಲಿ ಇಬ್ಬರು ತೀರಿಕೊಂಡಿದ್ರು. ದೊಡ್ಡ ಖಾತೆ ಒಂದೇ ಒಂದು, ಅಣ್ಣತಮ್ಮಂದಿರು ಪಾಲಾಗೋವಾಗ "ಅದು ಅವನು ಕೊಡೋದು" "ಇಲ್ಲ ಇವನು ಕೊಡೋದು" ಅಂತ 14,000 ಹೋಯ್ತು.

ಅಲ್ಲಿಂದ ನಾನು ಮಾಡಿದ್ದು ಹೇಳ್ತೀನಿ.

ಮೊದಲು ಲೋಟ ತೆಗೆದೆ. ಹತ್ರೂಪಾಯಿದ್ದಾಗ್ಲಿ ಐದ್ರೂಪಾಯಿದ್ದಾಗ್ಲಿ ತಕ್ಕಡೀಲೇ ತೂಗೋದು, ಎಲೆಕ್ಟ್ರಾನಿಕ್ ತಕ್ಕಡಿಗೆ ಕೆಜಿ ರೇಟು ಹಾಕಿಟ್ರೆ ಅದೇ ಲೆಕ್ಕ ತೋರಿಸತ್ತೆ. ಕೆಜಿ ರೇಟು 140 ಅಂತಿದ್ದಿದ್ದನ್ನ 144 ಮಾಡಿದೆ, ಎಲ್ಲರಿಗೂ ಅದೇ, ಚೀಲಕ್ಕೂ ಅದೇ ಪೊಟ್ಟಣಕ್ಕೂ ಅದೇ. ಮೊದಲ ಎರಡು ತಿಂಗಳು ಚೆನ್ನಾಗಿ ಏಟು ಬಿತ್ತು. ದೊಡ್ಡ ಗಿರಾಕಿ ಮೂರು ಮನೆ ಬಿಟ್ಟು ಹೋದ್ರು, ಒಬ್ಬರಂತೂ "ಕೂಲಿಯೋರಿಗೂ ನಮಗೂ ಒಂದೇ ರೇಟಾ" ಅಂತ ಬಾಯಿಬಿಟ್ಟೇ ಕೇಳಿದ್ರು. ನಮ್ಮನೆಯವರು ಬೈದ್ರು. ನಾನೂ ಎರಡು ರಾತ್ರಿ ನಿದ್ದೆ ಮಾಡಿಲ್ಲ. ಆದ್ರೆ ಅವರು ಬಿಟ್ಟು ಹೋದಾಗ ನನ್ನ ಆರು ತಿಂಗಳ ದುಡ್ಡು ಅವರಲ್ಲಿ ಸಿಕ್ಕಿಹಾಕಿಕೊಂಡಿರೋದೂ ತಪ್ಪಿತು, ಆ ದುಡ್ಡಲ್ಲಿ ಹೋಲ್‌ಸೇಲ್‌ನಲ್ಲಿ ನಗದು ಕೊಟ್ಟು ತಂದೆ, ನಗದಿಗೆ ಅಲ್ಲಿ ಒಂಚೂರು ಕಮ್ಮಿ ಮಾಡ್ತಾರೆ. ಲಾಭ ಹೆಚ್ಚೇನಾಗ್ಲಿಲ್ಲ, ನಷ್ಟವೂ ಆಗ್ಲಿಲ್ಲ. ಮೂರು ಮನೇಲಿ ಒಂದು ಮನೆಯವರು ವಾಪಸ್ ಬಂದ್ರು, ಎಂತಕ್ಕೆ ಅಂದ್ರೆ ಉಪ್ಪಿಗೂ ಬೆಂಕಿಪೊಟ್ಟಣಕ್ಕೂ ಶಿವಮೊಗ್ಗಕ್ಕೆ ಹೋಗಕ್ಕಾಗತ್ತಾ.

ಆಮೇಲೆ ಒಂದು ಕರಿಹಲಗೆ ತಂದು ಪ್ಯಾಕೆಟ್ ಸಾಮಾನಿನ ಕೆಜಿ ಲೆಕ್ಕ ಬರೆಯಕ್ಕೆ ಶುರು ಮಾಡಿದೆ. ಈಗ ಪ್ಯಾಕೆಟ್ ಮೇಲೆ ಎಂಆರ್‌ಪಿ ಪಕ್ಕ ಒಂದು ಗ್ರಾಮಿಗೆ ಎಷ್ಟು ಅಂತ ಪ್ರಿಂಟ್ ಹಾಕ್ತಾರೆ, ಯೂನಿಟ್ ರೇಟು, ಒಂದು ಕೆಜಿ ಒಳಗಿನದ್ದಕ್ಕೆ ಗ್ರಾಂ ಲೆಕ್ಕ, ಕೆಜಿ ಮೇಲಿನದ್ದಕ್ಕೆ ಕೆಜಿ ಲೆಕ್ಕ. ಕಾನೂನು ಒಳ್ಳೇದೇ, ಆದ್ರೆ ಅಕ್ಷರ ನೋಡಬೇಕು, ಕನ್ನಡಕ ಹಾಕಿದ್ರೂ ಕಾಣಲ್ಲ, ಕಂಡ್ರೂ "ಗ್ರಾಮಿಗೆ 0.52" ಅಂದ್ರೆ ಯಾರಿಗೆ ಅರ್ಥ ಆಗತ್ತೆ. ನಾನು ಕೆಜಿಗೆ 520 ಅಂತ ಹಲಗೆ ಮೇಲೆ ಬರೆದೆ. ಅದನ್ನ ನೋಡಿ ಒಬ್ಬಳು ಅಕ್ಕ "ಅಯ್ಯೋ, ಇಷ್ಟು ರೇಟಿನ ಚಾಪುಡಿ ಕುಡೀತಿದೀನಾ ನಾನು" ಅಂತ ನಕ್ಕಿದ್ದೇ ನಕ್ಕಿದ್ದು.

ಬರೀತಾ ಬರೀತಾ ನಂಗೇ ಒಂದು ಆಶ್ಚರ್ಯ ಆಯ್ತು. ಚಿಕ್ಕ ಪ್ಯಾಕೆಟ್ ಅಂದ್ರೆ ಎಲ್ಲಾ ದುಬಾರಿ ಅಂತ ಅಂದ್ಕೊಂಡಿದ್ದೆ, ಶಾಂಪೂದಲ್ಲಿ ಉಲ್ಟಾ! ಒಂದ್ರೂಪಾಯಿ ಸ್ಯಾಷೆ ಐದು ಎಂಎಲ್ ಇರತ್ತೆ, ಎಂಎಲ್‌ಗೆ 20 ಪೈಸೆ ಬಿತ್ತು, ಅದೇ ಕಂಪನಿ ಬಾಟಲಿ ಎಂಎಲ್‌ಗೆ 70, 80 ಪೈಸೆ. ಬಾಟಲಿ ತಗೊಳೋರೇ ಇಲ್ಲಿ ಮೋಸ ಹೋಗೋದು. ಅದು ಗೊತ್ತಾದ ಮೇಲೆ ನಮ್ಮನೇಲೂ ಸ್ಯಾಷೆನೇ. 2025 ಸೆಪ್ಟೆಂಬರ್ 22ಕ್ಕೆ ಶಾಂಪೂ, ಪೇಸ್ಟು, ಬಿಸ್ಕತ್ತಿಗೆಲ್ಲ ಜಿಎಸ್‌ಟಿ 18ರಿಂದ 5ಕ್ಕೆ ಇಳೀತಲ್ಲ, ಬಾಟಲಿ ರೇಟು ಇಳಿದಿದ್ದು ಕಣ್ಣಿಗೆ ಕಾಣ್ತು, ಒಂದ್ರೂಪಾಯಿ ಸ್ಯಾಷೆ ಒಂದ್ರೂಪಾಯೇ. ಲೆಕ್ಕದ ಪ್ರಕಾರ 89 ಪೈಸೆ ಆಗಬೇಕು, ಆ ಚಿಲ್ಲರೆ ಯಾವ ದೇಶದಲ್ಲಿದೆ. ಒಳಗೆ ಅರ್ಧ ಎಂಎಲ್ ಜಾಸ್ತಿ ಹಾಕಿದ್ರೂ ತಲೆಗೆ ಗೊತ್ತಾಗತ್ತಾ.

ಎಣ್ಣೆ ಮಾತ್ರ ದೊಡ್ಡ ತಲೆನೋವು. ನಾವು ಮೊದಲು ಟಿನ್ ಒಡೆದು ಲೂಸ್ ಮಾರ್ತಿದ್ವಿ, 100 ಎಂಎಲ್ಲಿಗೆ 20 ರೂಪಾಯಿ, ಬಾಟಲಿ ಹಿಡ್ಕೊಂಡು ಬಂದು ಒಗ್ಗರಣೆಗೆ ಆಗೋವಷ್ಟು ತಗೊಂಡು ಹೋಗ್ತಿದ್ರು. ಲೂಸ್ ಎಣ್ಣೆ ಮಾರೋ ಹಾಗಿಲ್ಲ ಅಂತ ಕಾನೂನು ಇದೆ, ಅದಕ್ಕೆ ಕಾರಣಾನೂ ಇದೆ, 1998ರಲ್ಲಿ ದೆಹಲಿ ಕಡೆ ಸಾಸಿವೆ ಎಣ್ಣೆಗೆ ದತ್ತೂರಿ ಗಿಡದ ಬೀಜದ ಎಣ್ಣೆ ಸೇರಿ (ಅರ್ಜಿಮೋನ್ ಅಂತಾರೆ, ಹಳದಿ ಹೂವಿನ ಮುಳ್ಳು ಗಿಡ, ಬಯಲಲ್ಲಿ ಇರತ್ತೆ) ಅರವತ್ತಕ್ಕೂ ಮೇಲೆ ಜನ ಸತ್ತಿದ್ರು. ಟಿನ್ನಲ್ಲಿ ಎಂತ ಬಂದಿದೆ ಅಂತ ನಂಗೂ ಗೊತ್ತಿರಲ್ಲ, ಅದಕ್ಕೆ ಲೂಸ್ ನಿಲ್ಲಿಸಿದೆ. ನಿಲ್ಲಿಸಿದ ದಿನವೇ ಗೊತ್ತಾಯ್ತು, ಆರೋಗ್ಯಕ್ಕೆ ಅಂತ ಮಾಡಿದ ಕಾನೂನಿನ ಖರ್ಚು ಯಾರ ತಲೆ ಮೇಲೆ ಬಿತ್ತು ಅಂತ. ಇಪ್ಪತ್ತು ರೂಪಾಯಿ ಇದ್ದೋರು ನಿಂತು ನೋಡ್ತಾರೆ, ಲೀಟರ್ ಪ್ಯಾಕೆಟ್ಟಿಗೆ ನೂರೈವತ್ತು. ಅದರಲ್ಲೂ ಕೆಲವು ಪ್ಯಾಕೆಟ್ ನೋಡಕ್ಕೆ ಲೀಟರ್ ಥರ ಇರತ್ತೆ, ಹಿಂದೆ ಓದಿದ್ರೆ 850 ಗ್ರಾಂ, ಲೀಟರ್ ಎಣ್ಣೆ ಅಂದ್ರೆ 910 ಗ್ರಾಂ ಇರಬೇಕು.

ಅಲ್ಲಿಂದ ಹುಟ್ಟಿದ್ದು ಶನಿವಾರದ ಗಂಟು. ಹಬ್ಬದ ಚೀಟಿ ಎಲ್ಲಾ ಕಡೆ ಇದೆಯಲ್ಲ, ಅದೇ ಥರ, ಆದ್ರೆ ಸವಾಲ್ (ಹರಾಜು) ಇಲ್ಲ ಎಂತದೂ ಇಲ್ಲ. ಶನಿವಾರ ಶನಿವಾರ 150 ರೂಪಾಯಿ ಕೊಡೋದು, ನಾಲ್ಕನೇ ಶನಿವಾರ 600 ರೂಪಾಯಿಗೆ ಎರಡು ಲೀಟರ್ ಎಣ್ಣೆ, ಒಂದು ಕೆಜಿ ತೊಗರಿಬೇಳೆ, ಎರಡು ಕೆಜಿ ಸಕ್ಕರೆ, ಒಂದು ಉಪ್ಪು, ಉಳಿದಿದ್ದಕ್ಕೆ ಹೆಸರುಕಾಳೋ ಕಡಲೆಯೋ. ಎಲ್ಲರದ್ದೂ ಒಟ್ಟಿಗೆ ತರೋದ್ರಿಂದ ನಂಗೂ ರೇಟು ಬೀಳತ್ತೆ. 2024 ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ ಶುರು, ಅಡಿಕೆ ಸುಲಿಯೋ ಕೆಲಸ ನಡೀತಿತ್ತು, ಕೈಯಲ್ಲಿ ದುಡ್ಡು ಇರೋ ಕಾಲ. ಹದಿನಾಲ್ಕು ಜನ ಸೇರಿದ್ರು, ಎಲ್ಲಾ ಹೆಂಗಸ್ರೇ.

ಇದರಲ್ಲಿ ಒಂದು ಸಣ್ಣ ಉಪಾಯ ಇದೆ, ನಂದಲ್ಲ, ಬಾವಿಕಟ್ಟೆ ಮನೆ ಅಮ್ಮ ಹೇಳಿಕೊಟ್ಟಿದ್ದು, ಅವರಿಗೆ ಅಕ್ಷರ ಬರಲ್ಲ ಕ್ಯಾಲೆಂಡರ್ ಬರತ್ತೆ. "ಕೆಲವು ತಿಂಗಳಲ್ಲಿ ಐದು ಶನಿವಾರ ಬರ್ತವಲ್ಲ, ಆ ಐದನೇದರ ದುಡ್ಡು ಮಳೆಗಾಲಕ್ಕೆ ಇಡು ಮಾರಾಯ್ತಿ" ಅಂದ್ರು. ನೋಡಿದ್ರೆ ಹೌದು, ವರ್ಷದಲ್ಲಿ ನಾಲ್ಕು ತಿಂಗಳು ಹಾಗೆ ಬರತ್ತೆ, ನಾಲ್ಕು ಸಲ 150 ಅಂದ್ರೆ 600, ಸರಿಯಾಗಿ ಒಂದು ಗಂಟು. ಆರಿದ್ರ, ಪುನರ್ವಸು ಮಳೆ ಹಿಡೀತು ಅಂದ್ರೆ ನಮ್ಮಲ್ಲಿ ಹೆಂಗಸ್ರಿಗೆ ಕೆಲಸಾನೇ ಇಲ್ಲ. ಗಂಡಸ್ರಲ್ಲಿ ಮರ ಹತ್ತೋರಿಗಾದ್ರೂ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯೋ ಕೆಲಸ ಇರತ್ತೆ. ನಟ್ಟಿ ಇತ್ತು ಮೊದಲು, ಈಗ ಗದ್ದೆಯೆಲ್ಲ ತೋಟ ಆಗಿದೆ, ನಟ್ಟಿ ಮಾಡಕ್ಕೆ ಗದ್ದೆ ಎಲ್ಲಿದೆ. ಆ ಎರಡು ತಿಂಗಳಲ್ಲೇ ಪುಸ್ತಕದಲ್ಲಿ ಕಡ ಬೆಳೆಯೋದು, ಕಳಲೆ, ಕೆಸುವಿನ ಸೊಪ್ಪು, ಹಲಸಿನ ಬೀಜ ಅಂತ ಹೊಟ್ಟೆ ತುಂಬಿಸಬಹುದು, ಎಣ್ಣೆ ಬೇಳೆ ಕಾಡಲ್ಲಿ ಸಿಗಲ್ಲ. ಮೊದಲನೇ ವರ್ಷ ಜುಲೈ ಹೊತ್ತಿಗೆ ಮಾರ್ಚಿದ್ದು ಜೂನಿದ್ದು ಎರಡೇ ಐದನೇ ಶನಿವಾರ ಸೇರಿತ್ತು, ಅರ್ಧ ಗಂಟು ಕೊಟ್ಟೆ. 2025ರ ಜುಲೈಗೆ ಆಗಸ್ಟು, ನವೆಂಬರು, ಮಾರ್ಚು, ಮೇ ನಾಲ್ಕೂ ಸೇರಿ ಪೂರ್ತಿ ಗಂಟು. ದುಡ್ಡು ಕೊಡದೆ ಗಂಟು ಎತ್ಕೊಂಡು ಹೋಗೋವಾಗ ಅವರ ಮುಖ ನೋಡಬೇಕಿತ್ತು, ಏನೋ ಕದ್ಕೊಂಡು ಹೋಗೋರ ಥರ ಸೆರಗಲ್ಲಿ ಮುಚ್ಕೊಂಡು ಹೋದ್ರು, ಅವರದ್ದೇ ದುಡ್ಡು!

ಏಟು ತಿಂದಿದ್ದೂ ಇದೆ. 2024 ಸೆಪ್ಟೆಂಬರಲ್ಲಿ ಕೇಂದ್ರ ಸರ್ಕಾರ ಹೊರಗಿಂದ ಬರೋ ಖಾದ್ಯ ಎಣ್ಣೆ ಮೇಲೆ ಸುಂಕ ಒಂದೇ ಸಲ ಇಪ್ಪತ್ತು ಪರ್ಸೆಂಟ್ ಏರಿಸ್ತು, ಕಚ್ಚಾ ಎಣ್ಣೆಗೆ ಎಲ್ಲಾ ಸೇರಿ ಐದೂವರೆ ಇದ್ದಿದ್ದು ಇಪ್ಪತ್ತೇಳೂವರೆ ಆಯ್ತು. ಸೂರ್ಯಕಾಂತಿ, ಪಾಮ್ ಎಲ್ಲಾ ನಮಗೆ ಹೊರಗಿಂದಲೇ ಬರೋದಲ್ವಾ. ನಾನು ಎರಡು ಶನಿವಾರದ ದುಡ್ಡು ಹಳೇ ರೇಟಿಗೆ ಇಸ್ಕೊಂಡು ಕೂತಿದ್ದೆ, ಗಣಪತಿ ಹಬ್ಬ ಕಳೆದು ಗಂಟು ತರಕ್ಕೆ ಹೋದ್ರೆ ಲೀಟರಿಗೆ ಇಪ್ಪತ್ತು ರೂಪಾಯಿ ಮೇಲೆ. ಹದಿನಾಲ್ಕು ಜನ, ಇಪ್ಪತ್ತೆಂಟು ಲೀಟರು. ಸುಮ್ನೆ ಕೈಯಿಂದ ಹಾಕಿದೆ, ಆರು ನೂರರ ಹತ್ರ. ಮುಂದಿನ ತಿಂಗಳಿಂದ ಕಾಳಿನ ತೂಕದಲ್ಲಿ ಹೊಂದಿಸ್ತೀನಿ ಅಂತ ಹೇಳಿದೆ, ಒಪ್ಪಿದ್ರು. ಇನ್ನೊಂದು, ಮೊದಲನೇ ತಿಂಗಳೇ ಒಬ್ಬಳ ಗಂಡ ಬಂದು "ಅವಳ ದುಡ್ಡು ವಾಪಸ್ ಕೊಡಿ" ಅಂತ ಜಗುಲಿ ಮೇಲೆ ನಿಂತ, ವಾಸನೆ ಬರ್ತಿತ್ತು. ಪುಸ್ತಕದಲ್ಲಿ ಅವಳ ಹೆಬ್ಬೆಟ್ಟಿದೆ, ಅವಳೇ ಬರಲಿ ಅಂದೆ. ಅವತ್ತಿಂದ ರೂಲ್ಸ್ ಮಾಡಿಕೊಂಡಿದೀನಿ, ಹಾಕಿದೋರ ಕೈಗೆ ಮಾತ್ರ, ಅದೂ ಸಾಮಾನು ಮಾತ್ರ.

ಅಕ್ಕಿ ವಿಷಯ ಒಂಚೂರು ಹೇಳಬೇಕು. ಅನ್ನಭಾಗ್ಯ 2013ರಲ್ಲಿ ಬಂದ ಮೇಲೆ ನಮ್ಮಂಗಡೀಲಿ ಅಕ್ಕಿ ಮಾರಾಟ ಅರ್ಧಕ್ಕರ್ಧ ಬಿತ್ತು, ನಂಗೆ ಬೇಜಾರಿಲ್ಲ, ಉಳಿದ ದುಡ್ಡಲ್ಲೇ ಜನ ಬೇಳೆ, ಸೋಪು ತಗೊಳ್ಳಕ್ಕೆ ಶುರು ಮಾಡಿದ್ದು. 2023ರ ಜುಲೈಯಿಂದ ಅಕ್ಕಿ ಬದಲಿಗೆ ತಲೆಗೆ 170 ರೂಪಾಯಿ ಅಕೌಂಟಿಗೆ ಬರ್ತಿತ್ತಲ್ಲ, ಅದು ಯಾವತ್ತು ಜಮಾ ಆಯ್ತು ಅಂತ ಬ್ಯಾಂಕಿಗಿಂತ ಮೊದಲು ನನ್ನ ಗಲ್ಲಾಗೆ ಗೊತ್ತಾಗ್ತಿತ್ತು. ಗೃಹಲಕ್ಷ್ಮಿ ಎರಡು ಸಾವಿರಾನೂ ಹಾಗೇ. ಬಿಟ್ಟಿ ಭಾಗ್ಯ ಅಂತ ನನ್ನ ಜಗುಲಿ ಮೇಲೆ ಕೂತು ಭಾಷಣ ಮಾಡೋರು ಇದಾರೆ, ಅವರಲ್ಲಿ ಒಬ್ಬರದ್ದು ಎಂಟು ತಿಂಗಳ ಖಾತೆ ಬಾಕಿ ಇದೆ, ನಾನು ಬಡ್ಡಿ ಇಲ್ಲದೆ ಕೊಟ್ಟಿದ್ದು ಯಾವ ಭಾಗ್ಯ ಅಂತ ಕೇಳಬೇಕು ಅನ್ಸತ್ತೆ, ಕೇಳಿಲ್ಲ.

ರೇಷನ್ ಅಕ್ಕೀಲಿ ಪ್ಲಾಸ್ಟಿಕ್ ಅಕ್ಕಿ ಬಂದಿದೆ ಅಂತ ಒಂದು ಸಲ ಊರೆಲ್ಲ ಸುದ್ದಿ ಆಯ್ತು. ಒಬ್ಬಳು ಮೊರ ತಂದು ನನ್ನ ಜಗುಲಿ ಮೇಲೇ ಆರಿಸ್ತಾ ಕೂತ್ಲು, ನೂರು ಕಾಳಿಗೆ ಒಂದರ ಥರ ಒಂಚೂರು ಹಳದಿ, ಒಂಚೂರು ಮಂಕು ಕಾಳು. ಅದನ್ನೆಲ್ಲ ಕೋಳಿಗೆ ಹಾಕ್ತಿದ್ಲು, ಕೋಳಿ ಆರಾಮಾಗಿ ತಿಂತಿತ್ತು. ಅದು ಸಾರವರ್ಧಿತ ಅಕ್ಕಿ ಅಂತ ಆಶಾ ಅಕ್ಕ (ಆರೋಗ್ಯ ಇಲಾಖೆಯ ಆಶಾ ಕಾರ್ಯಕರ್ತೆ) ಬಂದು ಹೇಳಿದ್ದು, ಅಕ್ಕಿ ಹಿಟ್ಟಿಗೆ ಕಬ್ಬಿಣದಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮತ್ತೆ ಕಾಳಿನ ಥರ ಅಚ್ಚು ಮಾಡಿ ನೂರಕ್ಕೊಂದು ಲೆಕ್ಕದಲ್ಲಿ ಬೆರೆಸ್ತಿದ್ರು. ರಕ್ತ ಕಮ್ಮಿ ಇರೋ ಹೆಂಗಸ್ರಿಗೆ ಅಂತ ಹಾಕಿದ ಕಾಳು, ರಕ್ತ ಕಮ್ಮಿ ಇರೋಳೇ ಆರಿಸಿ ಕೋಳಿಗೆ ಹಾಕ್ತಿದ್ಲು. ತಪ್ಪು ಅವಳದ್ದಲ್ಲ, ಚೀಲದ ಮೇಲೆ ಬರೆದಿದ್ದು ಚೀಲದಲ್ಲೇ ಉಳೀತು, ಅವಳಿಗೆ ಸಿಕ್ಕಿದ್ದು ಕೈಚೀಲದಲ್ಲಿ ಸುರಿದ ಅಕ್ಕಿ. ಆಮೇಲೆ ನಾನು ಬಂದೋರಿಗೆಲ್ಲ ಹೇಳಿದೆ, ಒಂದು ಮುಷ್ಟಿ ಬೇಯಿಸಿ ತೋರಿಸಿದೆ ಕೂಡ. ಅರ್ಧ ಜನ ನಂಬಿದ್ರು.

ಇನ್ನೊಂದು ನಾನೇ ಮಾಡಿದ ತಪ್ಪು, ಬರೆಯಕ್ಕೆ ಕೈ ಹಿಂಜರೀತಿದೆ. ಮಾತ್ರೆ. ತೀರಾ ಚಿಕ್ಕ ಹಳ್ಳಿಗಳಲ್ಲಿ, ಸಾವಿರ ಜನಸಂಖ್ಯೆ ಒಳಗಿನದ್ದು, ಪ್ಯಾರಸಿಟಮಾಲ್, ತಲೆನೋವಿನ ಮುಲಾಮು ಥರದ್ದು ಕೆಲವು ಲೈಸೆನ್ಸ್ ಇಲ್ಲದೆ ಅಂಗಡೀಲಿ ಮಾರಬಹುದು. ಆದ್ರೆ ನಾವು ಮಾರ್ತಿದ್ದಿದ್ದು ಅಷ್ಟೇ ಅಲ್ಲ, ಮೈಕೈ ನೋವಿನ ಮಾತ್ರೆ, ಗುಳಿಗೆ ಹಾಳೆಯಿಂದ ಕತ್ತರಿಸಿ ಒಂದೊಂದೇ ಕೊಡೋದು, ಅದು ಮಾರೋ ಹಾಗೇ ಇಲ್ಲ. ಅಡಿಕೆ ಸುಲಿಯೋ ಸೀಸನ್ನಲ್ಲಿ ಮೆಟ್ಟುಗತ್ತಿ ಮುಂದೆ ಸಂಜೆಯಿಂದ ನಡುರಾತ್ರಿ ತನಕ ಕೂರ್ತಾರೆ, ಎಷ್ಟು ಸುಲಿದ್ರೆ ಅಷ್ಟು ದುಡ್ಡು, ಬೆನ್ನು ಸೊಂಟ ಹಿಡ್ಕೊಳ್ಳತ್ತೆ. "ಅಕ್ಕ ಎರಡು ನೋವಿನ ಮಾತ್ರೆ" ಅಂತ ಒಬ್ಬಳು ದಿನಾ ಬರ್ತಿದ್ಲು, ಬೇಳೆ ಥರಾನೇ ದಿನದ್ದು ದಿನಕ್ಕೆ. ಮೂರು ಸೀಸನ್ ಕೊಟ್ಟಿದೀನಿ. ಆಮೇಲೆ ಅವಳಿಗೆ ಕಾಲು ಊದಿತು, ಡಾಕ್ಟ್ರು ಕಿಡ್ನಿಗೆ ಪೆಟ್ಟಾಗಿದೆ, ಬಿಪಿ ಇದೆ, ಇನ್ಮೇಲೆ ನೋವಿನ ಮಾತ್ರೆ ಮುಟ್ಟಬೇಡ ಅಂದ್ರಂತೆ. ಅವಳು ನನ್ನ ಹತ್ರ ಬಂದು ಹೇಳಿದ್ದು ಎಂತ ಗೊತ್ತಾ, "ನೀನು ಒಳ್ಳೇದಕ್ಕೇ ಕೊಟ್ಟಿದ್ದು ಬಿಡಕ್ಕ". ಅದಕ್ಕಿಂತ ಬೈದಿದ್ರೆ ಆಗ್ತಿತ್ತು.

ಅವತ್ತೇ ಆ ಡಬ್ಬ ಖಾಲಿ. ಈಗ ಪ್ಯಾರಸಿಟಮಾಲ್ ಮತ್ತೆ ಮುಲಾಮು ಬಿಟ್ಟು ಬೇರೆ ಇಡಲ್ಲ. ಜ್ವರ ಅಂತ ಬಂದ್ರೆ, ಅದೂ ಜನವರಿಯಿಂದ ಮೇ ಒಳಗೆ, ಸೊಪ್ಪಿಗೋ ದರಗಿಗೋ ಕಾಡಿಗೆ ಹೋಗಿ ಬಂದೋರಾದ್ರೆ, ಸೀದಾ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಕಳಿಸ್ತೀನಿ. ಮಂಗನ ಕಾಯಿಲೆ ಮೊದಲು ಕಂಡಿದ್ದೇ 1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, 2019ರಲ್ಲಿ ಸಾಗರದ ಅರಲಗೋಡು ಕಡೆ ಆಗಿದ್ದು ನಾವ್ಯಾರೂ ಮರೆತಿಲ್ಲ. ಉಣುಗು (ಉಣ್ಣೆ ಹುಳ) ಕಚ್ಚಿ ಬರೋ ಜ್ವರ, ರಕ್ತಸ್ರಾವ ಆಗೋ ಜ್ವರ, ಅದಕ್ಕೆ ನೋವಿನ ಮಾತ್ರೆ ನುಂಗಿದ್ರೆ ಇನ್ನೂ ಕೆಡತ್ತೆ. ಮೈಗೆ ಹಚ್ಚೋ ಡೇಪಾ ಎಣ್ಣೆ ಸರ್ಕಾರ ಫ್ರೀ ಕೊಡತ್ತೆ, ಆಶಾ ಅಕ್ಕ ತಂದಿದ್ದನ್ನ ಅಂಗಡೀಲಿ ಇಟ್ಕೊಂಡಿರ್ತೀನಿ, ಕಾಡಿಗೆ ಹೋಗೋರು ಬೆಳಗ್ಗೆ ಇಲ್ಲಿಂದಲೇ ಹಚ್ಕೊಂಡು ಹೋಗ್ತಾರೆ, ವಾಸನೆ ಅಂತ ಮುಖ ಸಿಂಡರಿಸ್ತಾರೆ, ಇರಲಿ.

ಪಿಎಚ್‌ಸೀಲಿ ಬಿಪಿ ಶುಗರ್ ಮಾತ್ರೆ ಫ್ರೀ. ಆದ್ರೆ ತರಕ್ಕೆ ಹೋದ್ರೆ ಅವತ್ತಿನ ಕೂಲಿ ಹೋಯ್ತು. ಬಸ್ ಫ್ರೀ ಅಲ್ವಾ ಅಂತೀರಿ, 2023 ಜೂನ್ 11ರಿಂದ ಶಕ್ತಿ ಯೋಜನೆ ಇದೆ ನಿಜ, ನಮ್ಮ ರೋಡಲ್ಲಿ ಓಡೋದು ಪ್ರೈವೇಟ್ ಬಸ್ಸು, ಆಧಾರ್ ಕಾರ್ಡ್ ತೋರಿಸಿದ್ರೆ ಕಂಡಕ್ಟರ್ ನಗ್ತಾನೆ. ಬೆಂಗಳೂರಲ್ಲಿರೋ ನನ್ನ ತಂಗಿ ದಿನಾ ಫ್ರೀಯಾಗಿ ಆಫೀಸಿಗೆ ಹೋಗ್ತಾಳೆ, ಇಲ್ಲಿ ಕಾಲು ಊದಿದೋಳು ಹೋಗಿ ಬರಕ್ಕೆ ಅರವತ್ತು ರೂಪಾಯಿ ಕೊಡ್ತಾಳೆ. ಅದಕ್ಕೆ ಈಗ ನಾನು ಸಾಮಾನು ತರಕ್ಕೆ ಹೋಗೋ ದಿನ ನಾಲ್ಕೈದು ಜನರ ಚೀಟಿ ಹಿಡ್ಕೊಂಡು ಹೋಗ್ತೀನಿ. ಕೆಲವು ಸಲ ಕೊಡ್ತಾರೆ, ಕೆಲವು ಸಲ ಪೇಷಂಟ್ ಬರಲೇಬೇಕು, ಬಿಪಿ ನೋಡಬೇಕು ಅಂತಾರೆ, ಅದೂ ಸರೀನೇ.

ಕೊನೇದಾಗಿ ಒಂದು ಸಣ್ಣದು. ಅತ್ತೆಯವರು ಅಂಗಡೀಲಿ ಕೂರ್ತಿದ್ದಾಗ ಕೆಲವರಿಗೆ ಚಿಲ್ಲರೆ ಕೈಗೆ ಕೊಡ್ತಿರ್ಲಿಲ್ಲ, ತಕ್ಕಡಿ ಪಕ್ಕ ಹಲಗೆ ಮೇಲೆ ಇಡ್ತಿದ್ರು, ಅವರೂ ಹಾಗೇ ಇಡ್ತಿದ್ರು. ಯಾರಿಗೆ ಅಂತ ನಾನು ಬರೆಯಬೇಕಾಗಿಲ್ಲ, ನಮ್ಮ ಕಡೆಯೋರಿಗೆ ಗೊತ್ತು. ನಾನು ಕೂತ ಮೇಲೆ ಕೈಗೇ ಕೊಟ್ಟೆ, ಮೊದಮೊದಲು ಅವರೇ ಕೈ ಹಿಂದೆ ತಗೊಳ್ಳೋರು, ನಾಣ್ಯ ಕೆಳಗೆ ಬಿದ್ದು ಉರುಳಿ ಹೋಗ್ತಿತ್ತು. ಈಗ ಕ್ಯೂಆರ್ ಬಂದಿದೆ, ಕೈ ತಾಗೋ ಪ್ರಶ್ನೇನೇ ಇಲ್ಲ ಅಂತ ಅಂದ್ಕೊಂಡೆ. ಆದ್ರೆ ಆ ಬಾಕ್ಸ್ ಇದೆಯಲ್ಲ, ಜೋರಾಗಿ ಕೂಗತ್ತೆ, "ಹತ್ತು ರೂಪಾಯಿ ಸ್ವೀಕರಿಸಲಾಗಿದೆ" ಅಂತ. ಅಂಗಡಿ ತುಂಬ ಜನ ಇದ್ದಾಗ ಹತ್ರೂಪಾಯಿ ಬೇಳೆ ತಗೊಳೋರು ಆ ಸೌಂಡಿಗೆ ಹಿಂಜರೀತಾರೆ, ಆಚೆ ಈಚೆ ನೋಡಿ ನೋಟೇ ತೆಗೀತಾರೆ. ಗೊತ್ತಾದ ಮೇಲೆ ವಾಲ್ಯೂಮ್ ಪೂರ್ತಿ ಕಮ್ಮಿ ಮಾಡಿಟ್ಟಿದೀನಿ. ಒಂದೆರಡು ಸಲ ಯಾರೋ ದುಡ್ಡು ಹಾಕದೆ ಹಾಕಿದೆ ಅಂತ ಹೇಳಿ ಹೋಗಿದ್ದೂ ಆಯ್ತು.

ಈಗ ಗಂಟಿಗೆ ಹನ್ನೊಂದು ಜನ ಇದಾರೆ. ಮೂವರು ಬಿಟ್ರು, ಇಬ್ಬರು ಮಗಳ ಮದುವೆ ಸಾಲಕ್ಕೆ ವಾರ ವಾರ ಫೈನಾನ್ಸ್ ಕಂತು ಕಟ್ಟಬೇಕು ಅಂತ, ಒಬ್ಬಳು ಆ ಕಾಲು ಊದಿದೋಳು, ಕೆಲಸಕ್ಕೆ ಹೋಗಕ್ಕಾಗಲ್ಲ. ಅವಳು ಈಗಲೂ ದಿನಾ ಬರ್ತಾಳೆ, ಹತ್ರೂಪಾಯಿ ಬೇಳೆಗೆ. ತಕ್ಕಡೀಲಿ ಎಪ್ಪತ್ತು ಗ್ರಾಂ ಬರತ್ತೆ, ಅವಳಿಗೆ ಉಪ್ಪು ಕಮ್ಮಿ ಹಾಕ್ಕೋ ಅಂತ ಹೇಳ್ತೀನಿ, ಹ್ಞೂಂ ಅಂತಾಳೆ, ಒಣಮೀನು ಇದೆಯಾ ಅಂತ ಕೇಳ್ತಾಳೆ.